ಘಟಪ್ರಭೆಯ ದಂಡೆಯ ಜಿನದತ್ತಿಗಳು

ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಗಳನ್ನು ಹಾಯ್ದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಇತ್ತ ಬರುವವರ ಕಣ್ಣೆಲ್ಲ ಗೋಕಾಕದ ಜಲಪಾತದ ಮೇಲೆ. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಕೆನ್ನೀರನ್ನು ಕಂಡು, ತೂಗುಸೇತುವೆಯ ಮೇಲೆ ನಡೆದು, ದಂಡೆಯ ಮಹಾಲಿಂಗೇಶ್ವರನಿಗೆ ಕೈಮುಗಿದು ಹಿಂತಿರುಗುವುದು ವಾಡಿಕೆ. ನದಿಯ ಗುಂಟ ಇನ್ನಷ್ಟು ದೂರ ನಡೆಯುವವರಿಗೆ ಇದೇ ನೆಲದ ಮತ್ತೊಂದು ಚರಿತ್ರೆ ಎದುರಾಗುತ್ತದೆ. ಅದು ಶಾಸ್ತ್ರದಾನ, ಭೂದಾನಗಳ ಚರಿತ್ರೆ.

ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ನದಿ ಜಲಾಶಯವಾಗಿ ನಿಂತಿದೆ. ಅದರ ಒಡಲಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ದೇವಾಲಯ ನೀರು ಇಳಿದಾಗ ಮತ್ತೆ ಗೋಚರಿಸುತ್ತದೆ; ಜನ ಅರಸಿಕೊಂಡು ಬರುತ್ತಾರೆ. ಮರೆವಿನಲ್ಲಿ ಮುಳುಗಿದ ಬಸದಿಗಳಿಗೆ ಆ ಭಾಗ್ಯವಿಲ್ಲ.

ಕೆಳಗೆ ಜಲಪಾತದ ಸಮೀಪದಲ್ಲಿರುವ ಕೊಣ್ಣೂರು ಶಾಸನಗಳ ಕೊಂಡನೂರು. ಬೃಹತ್ ಶಿಲಾಸಮಾಧಿಗಳಿಂದ ಹೆಸರಾದ ಈ ಊರಿನಲ್ಲಿ 1087ರಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ನಿಧಿಯಮ ಗಾವುಂಡನು ಜಿನಾಲಯವನ್ನು ಕಟ್ಟಿಸಿದನು. ಕಟ್ಟಿಸಿದವನು ಚಕ್ರವರ್ತಿಯಲ್ಲ, ಊರ ಗಾವುಂಡ ಎಂಬುದು ಗಮನಾರ್ಹ.

ಇದಕ್ಕೂ ಹಲವು ಶತಮಾನ ಹಿಂದಿನದು ಗೋಕಾಕದ ತಾಮ್ರಪಟ. ಮಾನ್ಯಖೇಟದ ರಾಷ್ಟ್ರಕೂಟರಿಗಿಂತ ಪೂರ್ವದ ದೇಜ್ಜ ಮಹಾರಾಜನ ಹೆಸರು ಅದರಲ್ಲಿದೆ. ಸೇಂದ್ರಕ ಕುಲದ ಇಂದ್ರಣಂದನು ಅರ್ಹಂತರ ಪೂಜೆಗಾಗಿ ಜಂಬುಖಂಡ ಗಣದ ಆರ್ಯನಂದಿ ಆಚಾರ್ಯರಿಗೆ 50 ನಿವರ್ತನ ಭೂಮಿಯನ್ನು ದತ್ತಿಯಿತ್ತನೆಂದು ಅದು ತಿಳಿಸುತ್ತದೆ. ಗಣದ ಹೆಸರು ನೆರೆಯ ಜಮಖಂಡಿಯನ್ನು ನೆನಪಿಗೆ ತರುತ್ತದೆ.

ಗೋಕಾಕವನ್ನು ದಾಟಿದರೆ ಇಂದಿನ ಮೂಡಲಗಿ ತಾಲೂಕಿನ ಕಲ್ಲೋಳಿ. ಶಾಸನದಲ್ಲಿ ಸಿಂದನ ಕಲ್ಪೊಳೆ. 1204ರ ಇಲ್ಲಿಯ ಶಾಸನ ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದ್ದು. ಶಾಂತಿನಾಥ ಬಸದಿಗೆ ಸಂದ ದತ್ತಿಯನ್ನು ಸ್ವೀಕರಿಸಿದವರು ಮೂಲಸಂಘ, ಕುಂದಕುಂದಾನ್ವಯ, ಪುಸ್ತಕಗಚ್ಛದ ಹನಸೋಗೆ ಪರಂಪರೆಯ ಶುಭಚಂದ್ರ ಭಟ್ಟಾರಕರು. ಹನಸೋಗೆ ಇರುವುದು ದೂರದ ಕಾವೇರಿಯ ಸೀಮೆಯಲ್ಲಿ. ಕಾವೇರಿಯಿಂದ ಘಟಪ್ರಭೆಯವರೆಗೆ ಹಬ್ಬಿದ್ದ ಗುರುಪರಂಪರೆಯೊಂದನ್ನು ಈ ಒಂದು ಕಲ್ಲು ಕಾಪಿಟ್ಟಿದೆ.

ದತ್ತಿ ಕೊಟ್ಟವರು ಚಂದ್ರಸೂರ್ಯರಿರುವವರೆಗೆ ಅದು ನಡೆಯಲೆಂದು ಆಶಿಸುತ್ತಿದ್ದರು. ಹೊಲಗಳು ಕೈ ಬದಲಾಗಿವೆ, ರಾಜ್ಯಗಳು ಅಳಿದಿವೆ. ಉಳಿದಿರುವುದು ಅಕ್ಷರ ಮಾತ್ರ. ಅದನ್ನು ಓದಬಲ್ಲವರು ಊರಿನಲ್ಲಿಲ್ಲವಾದರೆ ಶಾಸನವು ಬರಿಯ ಕಲ್ಲಾಗುತ್ತದೆ. ಕಲ್ಪೊಳೆ ಎಂಬ ಹೆಸರಿನಲ್ಲಿ ಕಲ್ಲು, ಹೊಳೆ ಎರಡೂ ಕೇಳಿಸುತ್ತವೆ. ಹೊಳೆಯನ್ನು ನೋಡಲು ಸಾವಿರಾರು ಜನ ಬರುತ್ತಾರೆ. ಅವರಲ್ಲಿ ಕೆಲವರಾದರೂ ಕಲ್ಲಿನ ಮುಂದೆ ನಿಲ್ಲಬೇಕು, ಊರ ಮಕ್ಕಳಿಗೆ ಅದನ್ನು ಓದಿ ಹೇಳಬೇಕು. ಇಂದು ಸಲ್ಲಬೇಕಾದ ಶಾಸ್ತ್ರದಾನವೆಂದರೆ ಅದೇ.