ಕಡಲು ಬಾಗಿಲು ಹಾಕಿಕೊಳ್ಳುವ ತಿಂಗಳುಗಳು

ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಯಬೇಕು ಅಂತ ಬೆಂಗಳೂರಿನಿಂದ ಹೊರಡೋರಲ್ಲಿ ಬಹಳಷ್ಟು ಜನರ ಲೆಕ್ಕ ಒಂದೇ: ಮಳೆಗಾಲದಲ್ಲಿ ಅಲೆ ದೊಡ್ಡದು, ರೂಮು ಅಗ್ಗ, ಹಾಗಾದ್ರೆ ಜುಲೈನಲ್ಲೇ ಹೋಗೋಣ. ಅಲ್ಲಿ ಹೋದ್ರೆ ಬೋರ್ಡುಗಳೆಲ್ಲ ಒಳಗೆ, ದೋಣಿಗಳೆಲ್ಲ ದಡದ ಮೇಲೆ. ಕಡಲಿಗೇ ರಜೆ. ಈ ರಜೆ ಸರ್ಫಿಂಗ್ ಶಾಲೆಗಳು ಕಂಡುಹಿಡಿದಿದ್ದಲ್ಲ. ಇದಕ್ಕೆ ಎರಡು ಸಾವಿರ ವರ್ಷದ ಇತಿಹಾಸ ಇದೆ.

ನಾನು ಬಯಲುಸೀಮೆಯ ಹಳ್ಳಿಯವನು. ನಮ್ಮಲ್ಲಿ ರೋಹಿಣಿ ಮಳೆ, ಮೃಗಶಿರ ಮಳೆ ಅಂದ್ರೆ ಬಿತ್ತನೆ ಶುರು, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕರಾವಳಿಯಲ್ಲಿ ಸರಿಯಾಗಿ ಅದೇ ಹೊತ್ತಿಗೆ ಮೀನುಗಾರರ ಬಲೆ ಮಡಿಚಿ ಒಳಗೆ ಹೋಗುತ್ತೆ. ಒಂದೇ ಮಳೆ, ಘಟ್ಟದ ಮೇಲೆ ಕೆಲಸ ಕೊಡುತ್ತೆ, ಘಟ್ಟದ ಕೆಳಗೆ ಕಿತ್ಕೊಳ್ಳುತ್ತೆ.

ಕಾರಣ ಗಾಳಿ. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ಅರಬ್ಬಿ ಸಮುದ್ರದ ಮೇಲಿಂದ ನೈಋತ್ಯ ಗಾಳಿಯನ್ನು ಎಳೆದುಕೊಳ್ಳುತ್ತೆ. ಸೋಮಾಲಿಯಾ ಕರಾವಳಿಯ ಹತ್ತಿರ ಈ ಗಾಳಿ ಕೆಳಮಟ್ಟದಲ್ಲೇ ಒಂದು ವೇಗದ ಹೊಳೆಯ ಹಾಗೆ ಹರಿಯುತ್ತೆ. 1969ರಲ್ಲಿ ಅದನ್ನು ವಿವರಿಸಿದ ಫಿಂಡ್ಲೇಟರ್ ಅವರ ಹೆಸರೇ ಅದಕ್ಕೆ ನಿಂತಿದೆ. ಆ ಗಾಳಿ ನಮ್ಮ ದಂಡೆಗೆ ನೇರ ಬಡಿಯುವಾಗ ಅಲೆ ದೊಡ್ಡದಾಗುತ್ತೆ ನಿಜ, ಆದರೆ ಎಲ್ಲ ಕಲಸುಮೇಲೋಗರ. ಜೊತೆಗೆ ಮಂಗಳೂರಿನ ಮಳೆ: ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಶಾಂಭವಿ, ನಂದಿನಿ ನದಿಗಳು ಸಸಿಹಿತ್ಲು ಹತ್ತಿರ ಸೇರಿ ಕಡಲಿಗೆ ನುಗ್ಗುವಾಗ ಮರಳಿನ ದಿಬ್ಬಗಳೇ ಜಾಗ ಬದಲಿಸುತ್ತವೆ. ಹಾಗಾಗಿ ಹೋದ ವರ್ಷ ಅಲೆ ಮುರಿದ ಜಾಗದಲ್ಲೇ ಈ ವರ್ಷವೂ ಮುರಿಯಬೇಕು ಅಂತೇನಿಲ್ಲ.

ಇದೇ ಗಾಳಿಯನ್ನು ನಂಬಿ ಬದುಕಿದ ಒಬ್ಬ ಮನುಷ್ಯನ ಕಾಗದಪತ್ರ ನಮಗೆ ಸಿಕ್ಕಿದೆ. ಅಬ್ರಹಾಂ ಬೆನ್ ಯಿಜು, ಟ್ಯುನೀಶಿಯಾದ ಮಹದಿಯಾ ಊರಿನ ಯಹೂದಿ ವ್ಯಾಪಾರಿ. 1130ರ ದಶಕದಲ್ಲಿ ಮಂಗಳೂರಿಗೆ ಬಂದು ಹದಿನೇಳು ವರ್ಷದ ಆಸುಪಾಸು ಈ ಕರಾವಳಿಯಲ್ಲೇ ಇದ್ದ. ಕಂಚಿನ ಸಾಮಾನು ಮಾಡಿಸುತ್ತಿದ್ದ, ಮೆಣಸು, ಅಡಿಕೆ ಕಳಿಸುತ್ತಿದ್ದ. ಏಡನ್‌ನಲ್ಲಿದ್ದ ಅವನ ಪಾಲುದಾರ ಮದ್ಮುನ್ ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಕಳಿಸುತ್ತಿದ್ದ. ಆ ಪತ್ರಗಳು ಕೈರೋದ ಒಂದು ಯಹೂದಿ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ಅವುಗಳಲ್ಲಿ ಬರುವ ಅವನ ಆಳಿನ ಹೆಸರು 'ಬೊಮ್ಮ' ಇರಬೇಕು ಅಂತ ಅಮಿತಾವ್ ಘೋಷ್ ಮಂಗಳೂರಿನ ವಿದ್ವಾಂಸರ ಜೊತೆ ಕೂತು ಬಿಡಿಸಿಕೊಂಡ ಕಥೆ 1992ರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್'ನಲ್ಲಿದೆ. ಓದದವರು ಓದಿ.

ಈಗ ಅವನ ಇನ್‌ಬಾಕ್ಸ್ ಕಲ್ಪಿಸಿಕೊಳ್ಳಿ. ಚಳಿಗಾಲದ ಈಶಾನ್ಯ ಗಾಳಿಯಲ್ಲಿ ಮಂಗಳೂರಿನಿಂದ ಹಡಗು ಹೊರಟರೆ ಕೆಲವೇ ವಾರದಲ್ಲಿ ಏಡನ್. ಅಲ್ಲಿಂದ ಉತ್ತರ ತರುವ ಹಡಗು ಮಾತ್ರ ನೈಋತ್ಯ ಗಾಳಿಯ ಅಬ್ಬರ ತಗ್ಗುವವರೆಗೆ ಕಾಯಬೇಕು. ಆಗಸ್ಟ್ ಕೊನೆಗೆ ಹೊರಟು, ನಮ್ಮ ರೇವುಗಳು ತೆರೆಯುವ ಹೊತ್ತಿಗೆ ಸರಿಯಾಗಿ ಇಲ್ಲಿ ತಲುಪಬೇಕು. ಒಂದು ಪ್ರಶ್ನೆ, ಒಂದು ಉತ್ತರ, ಮಧ್ಯೆ ಎಂಟೊಂಬತ್ತು ತಿಂಗಳು. ನಾವು ಇನ್ನೂರು ಮಿಲಿಸೆಕೆಂಡಿನ ಲೇಟೆನ್ಸಿಗೆ ಟಿಕೆಟ್ ರೈಸ್ ಮಾಡೋ ಜನ! 1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹದಿಯಾವನ್ನು ಹಿಡಿದರು. ಅಣ್ಣತಮ್ಮಂದಿರು ಬದುಕಿದ್ದಾರೋ ಇಲ್ಲವೋ ಅನ್ನೋ ಆತಂಕದಲ್ಲಿ ಅವನು 1149ರಲ್ಲಿ ಏಡನ್‌ನಿಂದ ಅವರಿಗೆ ಪತ್ರ ಬರೆದ. ಊರು ಹೋದ ಸುದ್ದಿಯೂ ಗಾಳಿಯ ಸರದಿಗೇ ಕಾಯಬೇಕಾಗಿದ್ದ ಕಾಲ ಅದು.

ಇಬ್ನ್ ಬತೂತಾ 14ನೇ ಶತಮಾನದಲ್ಲಿ ಬಂದಾಗಲೂ ಮಂಗಳೂರು ಪರ್ಷಿಯಾ, ಯೆಮೆನ್ ವ್ಯಾಪಾರಿಗಳು ಇಳಿಯುವ ಊರಾಗಿತ್ತು. ಆಮೇಲೆ ಪೋರ್ಚುಗೀಸರು, ಹೈದರ್, ಟಿಪ್ಪು, ಬ್ರಿಟಿಷರು, ಎಲ್ಲರೂ ಬಂದರು. ಮಳೆಗಾಲದಲ್ಲಿ ಹಳೇ ಬಂದರು ಮಾತ್ರ ಬಂದ್. ನೇತ್ರಾವತಿ, ಗುರುಪುರ ನದಿಗಳ ಅಳಿವೆಯ ಮರಳುದಿಬ್ಬ ಯಾವ ದೊರೆಯ ಮಾತನ್ನೂ ಕೇಳಲಿಲ್ಲ. ವರ್ಷವಿಡೀ ಹಡಗು ನಿಲ್ಲಲು ಪಣಂಬೂರಿನಲ್ಲಿ ನೆಲ ಅಗೆದು, ಅಲೆತಡೆ ಕಟ್ಟಿ ಹೊಸ ಬಂದರು ಮಾಡಬೇಕಾಯ್ತು. ಅದು ದೊಡ್ಡ ಬಂದರುಗಳ ಪಟ್ಟಿಗೆ ಸೇರಿದ್ದು 1974ರಲ್ಲಿ. ದೊಡ್ಡ ಹಡಗಿಗೆ ರಜೆ ಮುಗೀತು. ಮೊಗವೀರರ ದೋಣಿಗೆ ಮುಗಿಯಲಿಲ್ಲ. ಯಾಂತ್ರಿಕ ದೋಣಿಗಳಿಗೆ ಈಗಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆಟಿ ತಿಂಗಳ ತುಳು ಅಡುಗೆಯಲ್ಲಿ ಒಣಮೀನು, ಕೆಸುವಿನೆಲೆ, ತಜಂಕ್ ಸೊಪ್ಪು ಯಾಕೆ ಇಷ್ಟೊಂದು ಅಂತ ಈಗ ಹೊಳೆಯುತ್ತೆ. ಅದನ್ನೇ ಬೆಂಗಳೂರಿನ ಹೋಟೆಲುಗಳು 'ಆಟಿ ಫೆಸ್ಟಿವಲ್' ಅಂತ ಮಾರುತ್ತವೆ, ಹಸಿವಿನ ತಿಂಗಳಿನ ಬಫೆ! ಆಗಸ್ಟ್ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡಿದ ಮೇಲೆ ಮತ್ತೆ ಹೊಸ ವರ್ಷ.

ಸರ್ಫರ್‌ಗಳು ಬಂದಿದ್ದು ತೀರಾ ಈಚೆಗೆ, 2000ದ ದಶಕದಲ್ಲಿ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆದಿದ್ದು ಮೇ ಕೊನೆಯಲ್ಲಿ. ಆ ತಾರೀಖಿನಲ್ಲೇ ಒಂದು ಲೆಕ್ಕ ಇದೆ. ಮೇ ತಿಂಗಳಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಿಂದ ಹುಟ್ಟಿದ ಅಲೆಗಳು ಸಾವಿರಾರು ಕಿಲೋಮೀಟರ್ ನಡೆದು ಇಲ್ಲಿಗೆ ಬರುತ್ತವೆ, ಸ್ಥಳೀಯ ಗಾಳಿಯ ಗದ್ದಲ ಇನ್ನೂ ಪೂರ್ತಿ ಏರಿರಲ್ಲ. ಗಾಳಿ ಮಳೆ ಏನೂ ಇಲ್ಲದೆ ನೀರು ಅಂಗಳಕ್ಕೆ ನುಗ್ಗಿದರೆ ಕೇರಳದವರು ಅದನ್ನು 'ಕಳ್ಳಕ್ಕಡಲ್' ಅಂತಾರೆ. ಅನುವಾದ ಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ಗಾಳಿ ಬೆಳಿಗ್ಗೆ ನೆಲದಿಂದ ಬೀಸುತ್ತೆ, ಕಡಲು ಗಾಜಿನ ಹಾಗೆ. ಕಲಿಯೋರಿಗೆ ಅದೇ ಸರಿ.

ಆದ್ರೆ ಮೇ ತಿಂಗಳ ಲೆಕ್ಕ ಈಗ ಅಲ್ಲಾಡ್ತಿದೆ. ಅರಬ್ಬಿ ಸಮುದ್ರ ಬಿಸಿಯಾಗ್ತಾ ಇದೆ. ಅಲ್ಲಿ ಚಂಡಮಾರುತಗಳು 2001ರಿಂದ 2019ರ ಅವಧಿಯಲ್ಲಿ ಶೇ. 52ರಷ್ಟು ಹೆಚ್ಚಾಗಿವೆ ಅಂತ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. 2021ರ ಮೇ ಮಧ್ಯದಲ್ಲಿ, ನಿಷೇಧಕ್ಕೆ ಇನ್ನೂ ಎರಡು ವಾರ ಇರುವಾಗಲೇ, ತೌಕ್ತೆ ಬಂತು. ಒಂದು ಟಗ್ ದೋಣಿ ಮಗುಚಿ ಜೀವಗಳು ಹೋದವು. ಇನ್ನೊಂದು ಮೂಲ್ಕಿ ಎದುರಿನ ಬಂಡೆಗಳಿಗೆ ಸಿಕ್ಕಿಕೊಂಡಿತು; ಅದರಲ್ಲಿದ್ದ 9 ಮಂದಿಯನ್ನು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕೋಸ್ಟ್ ಗಾರ್ಡ್ ಸೇರಿ ಹೊರತೆಗೆದರು. ಮೇನಲ್ಲಿ ಹೊರಡೋರು ಬಸ್ ಟಿಕೆಟ್ ಬುಕ್ ಮಾಡೋ ಮೊದಲು ಹೈದರಾಬಾದಿನ ಇನ್‌ಕಾಯ್ಸ್ ಹಾಕುವ ಅಲೆಗಳ ಮುನ್ಸೂಚನೆ ನೋಡಿ. ಮೊಗವೀರರ ಕೇರಿಯಲ್ಲೂ ಒಂದು ಮಾತು ಕೇಳಿ.