ಲೀನಾ ಹೊಲಿದ ಐದನೇ ನಂಬರಿನ ಗೌನು

ಬಸುರಿಗೆ ಬಟ್ಟೆ ಹೊಲಿಯುವುದು ಸುಲಭದ ಕೆಲಸವಲ್ಲ. ಈ ತಿಂಗಳ ಅಳತೆ ಮುಂದಿನ ತಿಂಗಳಿಗೆ ಆಗುವುದಿಲ್ಲ. ಸೊಂಟ ಸಡಿಲ ಬಿಟ್ಟರೆ ಜಾರುತ್ತದೆ, ಬಿಗಿ ಹಿಡಿದರೆ ಕೂತಾಗ ಉಸಿರು ಕಟ್ಟುತ್ತದೆ. ಹೊಟ್ಟೆ ಬಂದಂತೆಲ್ಲ ಮುಂದಿನ ಅಂಚು ಮೇಲೇರಿ ಹಿಂದಿನದು ಜೋತುಬೀಳುತ್ತದೆ. ಧಾರವಾಡದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನನಗೆ, ಈ ತೊಡಕನ್ನು ನೂರು ವರ್ಷಕ್ಕೂ ಹಿಂದೆ ಬಿಡಿಸಿದ ಲೀನಾ ಬ್ರಯಂಟ್ ಎಂದರೆ ಬಹಳ ಗೌರವ. ಇಂದು ಮಾಲುಗಳಲ್ಲಿ ಬಸುರಿಯರಿಗೆಂದೇ ಇರುವ ದುಬಾರಿ ಅಂಗಡಿಗಳಿಗೆ ದಾರಿ ಮಾಡಿಕೊಟ್ಟವರಲ್ಲಿ ಅವಳು ಮೊದಲಿಗಳು.

ಲಿಥುವೇನಿಯಾದ ಯೆಹೂದಿ ಹುಡುಗಿ. 1895ರಲ್ಲಿ ನ್ಯೂಯಾರ್ಕಿಗೆ ಬಂದು, ಒಳ ಉಡುಪು ಹೊಲಿಯುವ ಕಾರ್ಖಾನೆಯಲ್ಲಿ ವಾರಕ್ಕೆ 1 ಡಾಲರ್ ಕೂಲಿಗೆ ಸೇರಿದಳು. ಕೈ ಚುರುಕಾಗಿತ್ತು, ನಾಲ್ಕು ವರ್ಷಗಳಲ್ಲಿ ಕೂಲಿ 15 ಡಾಲರ್ ಮುಟ್ಟಿತು. ಒಡವೆ ವ್ಯಾಪಾರಿ ಡೇವಿಡ್ ಬ್ರಯಂಟ್‌ನನ್ನು ಮದುವೆಯಾದಳು. ಮಗ ಹುಟ್ಟಿದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡ. ಅವನು ಕೊಟ್ಟಿದ್ದ ವಜ್ರದ ಓಲೆಗಳನ್ನು ಒತ್ತೆಯಿಟ್ಟು ಹೊಲಿಗೆ ಮಷಿನ್ ತಂದಳು. 1904ರಲ್ಲಿ ಫಿಫ್ತ್ ಅವೆನ್ಯೂದ ಹಾರ್ಲೆಮ್ ತುದಿಯಲ್ಲಿ ಅಂಗಡಿ ತೆರೆದಳು. ಬ್ಯಾಂಕಿನ ಕಾಗದದಲ್ಲಿ ‘ಲೀನಾ’ ತಪ್ಪಿ ‘ಲೇನ್’ ಆಯಿತು. ಅಂಗಡಿಗೆ ಲೇನ್ ಬ್ರಯಂಟ್ ಎಂಬ ಹೆಸರೇ ನಿಂತಿತು.

ಬಸುರಿ ಗಿರಾಕಿಯೊಬ್ಬಳು ಬಂದು, ಮನೆಗೆ ಬಂದವರೆದುರು ಉಟ್ಟು ಕೂರುವಂಥದ್ದು, ಮೈಗೂ ಹಿತವಾಗಿರುವಂಥದ್ದು ಬೇಕು ಎಂದಳಂತೆ. ಲೀನಾ ಮೇಲಿನ ಭಾಗಕ್ಕೂ ಸಣ್ಣ ಸಣ್ಣ ನೆರಿಗೆಯ ಲಂಗಕ್ಕೂ ನಡುವೆ ಎಲಾಸ್ಟಿಕ್ ಪಟ್ಟಿ ಕೊಟ್ಟು ಹೊಲಿದಳು. ಹೊಟ್ಟೆ ಬೆಳೆದಂತೆ ಪಟ್ಟಿ ಹಿಗ್ಗುತ್ತದೆ, ನೆರಿಗೆ ಬಿಚ್ಚಿಕೊಳ್ಳುತ್ತದೆ, ಹೊಲಿಗೆ ಬಿಚ್ಚಬೇಕಾಗಿಲ್ಲ. ಎಷ್ಟು ಸರಳ! ಆದರೆ ಕತ್ತರಿ ಹಿಡಿದವರಿಗೆ ಗೊತ್ತು, ಇಂಥ ಸರಳತೆ ಹೊಳೆಯಲು ಎಷ್ಟು ಬಟ್ಟೆ ಹಾಳಾಗಬೇಕು ಎಂದು. ಅಂಗಡಿಯ ಬಟ್ಟೆಗಳ ಪಟ್ಟಿಯಲ್ಲಿ ಅದು ಐದನೇ ನಂಬರಿನ ಗೌನು, ಬೆಲೆ 18 ಡಾಲರ್. ಅವಳ ಮೊದಲ ಕೂಲಿಯ ಲೆಕ್ಕದಲ್ಲಿ ಹದಿನೆಂಟು ವಾರದ ದುಡಿಮೆ.

ಮಾರುವುದೇ ಕಷ್ಟವಾಯಿತು. ಬಸುರಿನ ಮಾತು ಅಚ್ಚಾಗುವುದೇ ಅಸಭ್ಯವೆಂದು ಪತ್ರಿಕೆಗಳು ಜಾಹೀರಾತು ನಿರಾಕರಿಸುತ್ತಿದ್ದವು. ಉಳ್ಳವರ ಮನೆಯ ಬಸುರಿಯರು ತಿಂಗಳುಗಟ್ಟಲೆ ಹೊರಗೆ ಕಾಣಿಸಿಕೊಳ್ಳದಿರುವುದೇ ಮರ್ಯಾದೆ. ನಮ್ಮ ಕಡೆ ಹಾಗಲ್ಲ. ಕುಬಸದ ದಿನ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಓಣಿಯ ಹೆಂಗಸರನ್ನೆಲ್ಲ ಕರೆದು ಆರತಿ ಮಾಡುತ್ತೇವೆ. ಆದರೆ ಆ ಸಂಭ್ರಮ ಒಂದೇ ದಿನದ್ದು. ಉಳಿದ ದಿನಗಳಿಗೆ ಲಂಗದ ಲಾಡಿ ಸಡಿಲಿಸು, ಬ್ಲೌಸಿನ ಹೊಲಿಗೆ ಬಿಚ್ಚು, ಹಳೇ ಸೀರೆ ಸುತ್ತಿಕೋ. ನನ್ನಮ್ಮ ಹಾಗೆಯೇ ದಿನ ತಳ್ಳಿದಳು. ಬಸುರಿಗೂ ದಿನನಿತ್ಯ ಒಳ್ಳೆಯ ಬಟ್ಟೆ ಬೇಕು ಎಂಬ ಯೋಚನೆ ನಮ್ಮಲ್ಲೂ ತಡವಾಗಿಯೇ ಬಂತು.

1911ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆ ಕೊನೆಗೂ ಜಾಹೀರಾತು ಅಚ್ಚುಹಾಕಿತು. ಮರುದಿನ ಮುಗಿಯುವಷ್ಟರಲ್ಲಿ ಅಂಗಡಿಯಲ್ಲಿದ್ದ ಗೌನುಗಳೆಲ್ಲ ಖಾಲಿ. ಅಷ್ಟು ಹೆಂಗಸರು ಬಾಯಿಬಿಡದೆ ಕಾಯುತ್ತಿದ್ದರು! ಅವರಲ್ಲಿ ಬಸುರಿನಲ್ಲೂ ದುಡಿಯಲು ಹೋಗಲೇಬೇಕಾದವರೂ ಇದ್ದರು ಎಂಬುದು ನನಗೆ ಮುಖ್ಯ. ಲೀನಾಳ ಎರಡನೇ ಗಂಡ ಆಲ್ಬರ್ಟ್ ಮಾಲ್ಸಿನ್ ಎಂಜಿನಿಯರ್. ಅಂಗಡಿಗೆ ಬರಲು ಸಂಕೋಚಪಡುವವರಿಗೆ ಅಂಚೆಯಲ್ಲಿ ಬಟ್ಟೆ ಕಳಿಸುವ ದಾರಿ ಹಾಕಿದ. 1917ರಲ್ಲಿ ಆ ವ್ಯಾಪಾರವೇ 10 ಲಕ್ಷ ಡಾಲರ್ ದಾಟಿತು. ಮುಂದೆ ಅವನು ಸಾವಿರಾರು ಗಿರಾಕಿಗಳ ಅಳತೆ ಕಲೆಹಾಕಿ ದಪ್ಪ ಮೈಯವರಿಗೂ ಬಟ್ಟೆ ಮಾಡಿಸಿದ. 1923ರ ಹೊತ್ತಿಗೆ ಅದರ ಮಾರಾಟ ಬಸುರಿಯರ ಬಟ್ಟೆಯನ್ನೂ ಮೀರಿತ್ತು.