ಯಾರ ಮೈಯದೂ ಅಲ್ಲ

ನಾನು ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತ ಬಂದವಳು. ವಿಜ್ಞಾನವೆಂದರೆ ನನಗೆ ಪಕ್ಕದ ತರಗತಿಯಿಂದ ಕೇಳಿಬರುವ ಪಾಠ ಅಷ್ಟೆ. ಹೋದ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಅಕ್ಕನ ಮಗಳು ತಾನು ಕೆಲಸ ಮಾಡುವ ಪ್ರಯೋಗಾಲಯ ತೋರಿಸಲು ಕರೆದೊಯ್ದಳು. ಫ್ರೀಜರಿನಿಂದ ಕಿರುಬೆರಳಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ನಳಿಕೆಯೊಂದನ್ನು ತೆಗೆದಳು. ಚೀಟಿಯ ಮೇಲೆ ‘ಇಐಎಫ್4ಇ’ ಎಂಬ ಪ್ರೋಟೀನಿನ ಹೆಸರು, ಪಕ್ಕದಲ್ಲಿ ‘ಹ್ಯೂಮನ್’ ಎಂದಿತ್ತು.

“ಯಾವ ಮನುಷ್ಯರದ್ದೇ ಇದು?” ಎಂದೆ, ಗಾಬರಿಯಿಂದ.

“ಯಾರ ಮೈಯಿಂದಲೂ ತೆಗೆದದ್ದಲ್ಲ ಚಿಕ್ಕಮ್ಮ, ಬ್ಯಾಕ್ಟೀರಿಯಾ ಮಾಡಿಕೊಟ್ಟದ್ದು” ಎಂದು ನಕ್ಕಳು.

ಆ ಮಾತಿನ ಹಿಂದೆಯೂ ಒಂದು ಚರಿತ್ರೆ ಇದೆ. ನಮ್ಮ ಶಾಲೆಯ ಸುತ್ತೋಲೆಯನ್ನೇ ನೆನೆಸಿಕೊಳ್ಳಿ. ಮೂಲ ಕಡತ ಹೆಡ್‌ಮಾಸ್ಟರ ಬೀರು ಬಿಟ್ಟು ಕದಲುವುದಿಲ್ಲ. ಮೊಹರು ಹಾಕಿದ ನಕಲು ತರಗತಿಗೆ ಬರುತ್ತದೆ. ಜೀವಕೋಶದಲ್ಲೂ ಹಾಗೆಯೇ. ಜೀನಿನ ನಕಲಾದ ಮೆಸೆಂಜರ್ ಆರ್‌ಎನ್‌ಎ ಹೊರಗೆ ಬರುತ್ತದೆ, ರೈಬೊಸೋಮು ಅದನ್ನು ಓದಿ ಪ್ರೋಟೀನು ಕಟ್ಟುತ್ತದೆ. ಆ ನಕಲಿನ ತುದಿಯಲ್ಲಿ ಮೊಹರಿನಂಥ ಒಂದು ‘ಟೋಪಿ’ ಇರುವುದನ್ನು 1975ರ ಹೊತ್ತಿಗೆ ಆರನ್ ಶಾಟ್ಕಿನ್, ಯಾಸುಹಿರೊ ಫುರುಇಚಿ ಮೊದಲಾದವರು ಕಂಡುಕೊಂಡರು. ಮೊಹರನ್ನು ಗುರುತು ಹಿಡಿದು ಓದು ಶುರುಮಾಡಿಸುವ ಜವಾನ ಯಾರು? 1978ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಶಾಟ್ಕಿನ್ ಅವರ ಪ್ರಯೋಗಾಲಯದಲ್ಲಿದ್ದ ನಾಹುಮ್ ಸೋನೆನ್‌ಬರ್ಗ್ ಅವನನ್ನು ಮೊಲದ ಎಳೆಯ ಕೆಂಪು ರಕ್ತಕಣಗಳ ಸಾರದಲ್ಲಿ ಪತ್ತೆ ಹಚ್ಚಿದರು. ಅದೇ ಈ ಪ್ರೋಟೀನು.

ಅಷ್ಟರಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. 1973ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್ಲಿ ಕೋಹೆನ್, ಹರ್ಬರ್ಟ್ ಬೋಯರ್ ಅವರು ಡಿಎನ್‌ಎ ತುಂಡುಗಳನ್ನು ಕತ್ತರಿಸಿ, ಜೋಡಿಸಿ, ಬ್ಯಾಕ್ಟೀರಿಯಾದೊಳಗೆ ಸೇರಿಸಿದ್ದರು. 1978ರಲ್ಲಿ ಮನುಷ್ಯರ ಇನ್ಸುಲಿನ್ ಹೀಗೆಯೇ ತಯಾರಾಯಿತು. 1982ರಲ್ಲಿ ಅದಕ್ಕೆ ಅಮೆರಿಕದಲ್ಲಿ ಮಾರಾಟದ ಅನುಮತಿಯೂ ಸಿಕ್ಕಿತು. 1987ರಲ್ಲಿ ಮನುಷ್ಯರ ಇಐಎಫ್4ಇಯ ಬರಹವನ್ನು ಓದಿದ್ದಾಯಿತು. 217 ಅಮೈನೋ ಆಮ್ಲಗಳ ಪುಟ್ಟ ಸರ ಅದು. ಆ ಬರಹವನ್ನು ಬ್ಯಾಕ್ಟೀರಿಯಾಕ್ಕೆ ಕೊಟ್ಟರೆ ಅದು ಪ್ರೋಟೀನು ಕಟ್ಟಿಕೊಡುತ್ತದೆ. ಬ್ಯಾಕ್ಟೀರಿಯಾದ ಸಾರವನ್ನು, ಟೋಪಿಯಂಥ ವಸ್ತು ಅಂಟಿಸಿದ ಸಣ್ಣ ಮಣಿಗಳ ಮೇಲೆ ಹರಿಸುತ್ತಾರೆ. ಇಐಎಫ್4ಇ ಮಣಿಗಳನ್ನು ಹಿಡಿದು ನಿಲ್ಲುತ್ತದೆ, ಉಳಿದದ್ದು ತೊಳೆದುಹೋಗುತ್ತದೆ.

“ಇಷ್ಟೆಲ್ಲ ಯಾಕೆ ಬೇಕು?” ಎಂದೆ.

ಅವಳು ನಗಲಿಲ್ಲ. 1990ರಲ್ಲಿ ಸೋನೆನ್‌ಬರ್ಗ್ ಅವರ ತಂಡ ಇಲಿಯ ಜೀವಕೋಶಗಳಲ್ಲಿ ಈ ಪ್ರೋಟೀನನ್ನು ಹೆಚ್ಚಿಸಿದಾಗ ಅವು ಕ್ಯಾನ್ಸರ್ ಕೋಶಗಳಂತಾದವಂತೆ. ಜವಾನರು ಅತಿಯಾದರೆ, ಸರದಿಯಲ್ಲಿ ಕಾಯಬೇಕಾದ ‘ಬೆಳೆ, ಬೆಳೆ’ ಎಂಬ ಸುತ್ತೋಲೆಗಳೂ ಒಳಗೆ ನುಗ್ಗಿಬಿಡುತ್ತವೆ. 1995ರಲ್ಲಿ ಸ್ತನ ಕ್ಯಾನ್ಸರಿನ ಗೆಡ್ಡೆಗಳಲ್ಲೂ ಇದು ಹೆಚ್ಚಾಗಿರುವುದು ಕಂಡುಬಂತು.

ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳ ತಾಯಿ, ನನ್ನ ಅಕ್ಕ, ಹೋದದ್ದು ಅದೇ ಕಾಯಿಲೆಯಿಂದ. ಗಂಟು ಕೈಗೆ ಸಿಕ್ಕು ಏಳು ತಿಂಗಳಾದರೂ ನಾಚಿಕೆಪಟ್ಟು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಒಂದು ರಾತ್ರಿ, “ಯಾವ ಜನ್ಮದಲ್ಲಿ ಏನು ಪಾಪ ಮಾಡಿದ್ದೆನೋ” ಎಂದಿದ್ದಳು. ನನಗೆ ಉತ್ತರ ಹೊಳೆಯದೆ ತಲೆ ನೇವರಿಸುತ್ತ ಕೂತಿದ್ದೆ.

ಅಕ್ಕನ ಕಾಯಿಲೆಗೆ ಇದೇ ಕಾರಣವೆಂದು ನಾನು ಹೇಳುವುದಿಲ್ಲ. ಆ ನಳಿಕೆಯಲ್ಲಿದ್ದದ್ದು ಔಷಧಿಯೂ ಅಲ್ಲ. ಈ ಪ್ರೋಟೀನನ್ನು ತಡೆಯಬಲ್ಲ ವಸ್ತುಗಳನ್ನು ಹುಡುಕಲು, ಪರೀಕ್ಷಿಸಲು ಬೇಕಾದ ಸಾಮಗ್ರಿ. ಆದರೆ ಆ ರಾತ್ರಿ ಇಷ್ಟು ತಿಳಿದಿದ್ದರೂ, “ಪಾಪವಲ್ಲ ಅಕ್ಕ, ಕೋಶದೊಳಗೆ ಸರದಿ ತಪ್ಪಿದೆ” ಎನ್ನುತ್ತಿದ್ದೆ. ಗಂಟು ಕೈಗೆ ಸಿಕ್ಕಿದ ದಿನವೇ ಹೇಳುವ ಧೈರ್ಯವೂ ಅವಳಿಗೆ ಬರುತ್ತಿತ್ತೇನೋ. ಓದುವ ನಿಮಗಾದರೂ ಬರಲಿ.

“ಬೆಚ್ಚಗಾದರೆ ಕೆಟ್ಟುಹೋಗುತ್ತೆ ಚಿಕ್ಕಮ್ಮ” ಎಂದು ಅವಳು ನಳಿಕೆಯನ್ನು ಬೇಗ ಬೇಗ ಒಳಗಿಟ್ಟು ಫ್ರೀಜರಿನ ಬಾಗಿಲು ಹಾಕಿದಳು.